ಕಟುಕನ ಮನೆಗೆ ಹೋಗದ ದಿನ

ಮಾರ್ಚ್ 3, ಸೋಮವಾರ, ಮಧ್ಯಾಹ್ನ

ಎಡ ಮಂಡಿ ಇವತ್ತೂ ಹಠ ಮಾಡಿತು. ಈಜುಕೊಳದ ಕೌಂಟರ್‌ನಲ್ಲಿ ಬೆಳಗಿನಿಂದ ಟವೆಲ್ ಮಡಚಿದ್ದೇ ಮಡಚಿದ್ದು. ಎಪ್ಪತ್ತೊಂದನೇ ವಯಸ್ಸಿಗೆ ಒಳ್ಳೇ ಕುಸ್ತಿ. ಆಗೆಲ್ಲ 'ಸಿಡಿಲು' ಅಂತ ನನ್ನ ರಿಂಗಿನ ಹೆಸರು ಮೈಕಲ್ಲಿ ಕೂಗಿದರೆ ಇಡೀ ಸ್ಟೇಡಿಯಂ ಎದ್ದು ನಿಲ್ತಿತ್ತು. ಈಗ ಟವೆಲ್ ಅಂಕಲ್.

ಮೊಮ್ಮಗಳು ಮಂಡಿ ತಿಕ್ಕಿದಳು. ಫಿಸಿಯೋಥೆರಪಿ ಓದ್ತಿದ್ದಾಳೆ, ಪ್ರಯೋಗಕ್ಕೆ ನಾನು. ಮೊಬೈಲಲ್ಲಿ ಏನೋ ತೋರಿಸಿದಳು. ನಿನ್ನೆ ರಿಂಗಲ್ಲಿ ಕುರ್ಚಿ ತಗೊಂಡು ಬಡಿದಾಡಿದ ಇಬ್ಬರು ಇವತ್ತು ಒಂದೇ ಸೋಫಾದಲ್ಲಿ ಕೂತು ಐಸ್‌ಕ್ರೀಂ ತಿಂತಿದ್ದಾರೆ. ಫೋಟೋ ಹಾಕಿದ್ದೂ ಅವರೇ!

"ನಾಚಿಕೆಗೆಟ್ಟೋರು," ಅಂದೆ. "ನಮ್ಮ ಕಾಲದಲ್ಲಿ ಹೀರೋ, ವಿಲನ್ ಒಂದೇ ಬಸ್ ಹತ್ತುತ್ತಿರಲಿಲ್ಲ. ಜನ ನಂಬ್ತಿದ್ರು ಕಣೇ."

"ಹಾಗಾದ್ರೆ ರಿಂಗಲ್ಲಿ ನಿಮ್ಮ ಎದುರಾಳಿ ಆಗಿದ್ದ ಆ 'ಕಟುಕ' ನಿಮಗೆ ನಿಜವಾಗ್ಲೂ ವೈರಿನಾ ತಾತ?"

"ಹ್ಞೂಂ," ಅಂದೆ.

ರಿಂಗ್ ಬಿಟ್ಟು ಮೂವತ್ತಾರು ವರ್ಷ. ಇನ್ನೂ ಅದೇ ಸುಳ್ಳು. ನಾಲಿಗೆಗೆ ರೂಢಿಯಾಗಿಬಿಟ್ಟಿದೆ.

ಮಾರ್ಚ್ 5, ಬುಧವಾರ

ಈ ಡೈರೀಲಾದರೂ ನಿಜ ಬರೀಬೇಕು. ಯಾರು ಓದ್ತಾರೆ.

ಕಟುಕ ನನ್ನ ಜೀವದ ಗೆಳೆಯ. ವೈರ ಬರೀ ರಿಂಗಿನ ನಾಟಕ. ಹದಿಮೂರು ವರ್ಷ, ವಾರಕ್ಕೆರಡು ಸಲ ಅವನನ್ನ ಎತ್ತಿ ಒಗೆದೆ. ಅವನ ಮೂಳೆ ಮುರೀಲಿಲ್ಲ, ನನ್ನದೂ ಇಲ್ಲ. ಅವನ ಕೈಗೆ ಕತ್ತು ಕೊಟ್ಟು ಕಣ್ಣು ಮುಚ್ಕೋತಿದ್ದೆ — ಅಂಥಾ ಕೈ. ಜನ ನನಗೆ ಚಪ್ಪಾಳೆ ಹೊಡೀತಿದ್ರು, ಅವನಿಗೆ ಉಗೀತಿದ್ರು. ಅವನ ಸ್ಕೂಟರ್ ಟೈರ್ ಕುಯ್ದರು. ಅವನ ಮಗಳನ್ನ ಶಾಲೇಲಿ 'ಕಟುಕನ ಮರಿ' ಅಂತ ಅಳಿಸಿದರು.

ಪಂದ್ಯದ ಮಾರನೇ ದಿನ, ಟೋಪಿ ಹಾಕ್ಕೊಂಡು, ಹಿಂಬಾಗಿಲಿಂದ ಅವನ ಮನೆಗೆ ಹೋಗ್ತಿದ್ದೆ. ಅತ್ತಿಗೆ ಬಡಿಸ್ತಾ ಅನ್ನೋರು, "ನಿನ್ನೆ ನಮ್ಮೆಜಮಾನ್ರಿಗೆ ಹಾಗಾ ಹೊಡೆಯೋದು? ಇವತ್ತು ನಿಮಗೆ ಅರ್ಧ ಹೊಟ್ಟೆ." ಅಂದು ಎರಡರಷ್ಟು ಬಡಿಸೋರು.

ಆ ಅತ್ತಿಗೆ ಹೋಗಿಬಿಟ್ಟರು. ಮೂರೇ ದಿನದ ಜ್ವರ. ಶುಕ್ರವಾರ. ಭಾನುವಾರ ನಮ್ಮಿಬ್ಬರ ದೊಡ್ಡ ಪಂದ್ಯ. ಮ್ಯಾನೇಜರ್ ಮನೆಗೇ ಬಂದ. "ನೀನು ಅಲ್ಲಿ ತಲೆ ಹಾಕಬೇಡ. ಯಾರಾದ್ರೂ ನೋಡಿದ್ರೆ ಎಲ್ಲಾ ಮುಗೀತು."

ಹೋಗಲಿಲ್ಲ.

ಭಾನುವಾರ ಅವನು ರಿಂಗಿಗೆ ಬಂದ. ನನ್ನ ಮುಖ ನೋಡಲಿಲ್ಲ. ಎತ್ತಿ ಒಗೆದೆ. ಗೆದ್ದೆ. ಜನ ಕುಣಿದರು. ಮುಂದಿನ ತಿಂಗಳು ಆಟವನ್ನೇ ಬಿಟ್ಟೆ. ಆ ಹಿಂಬಾಗಿಲಿಗೆ ಹೋಗೋಕೆ ಮುಖ ಇರಲಿಲ್ಲ.

ಮಾರ್ಚ್ 16, ಭಾನುವಾರ, ಸಂಜೆ

ಮೊಮ್ಮಗಳು ಕುಸ್ತಿ ಶೋಗೆ ಎಳ್ಕೊಂಡು ಹೋದಳು. ಹೊಗೆ, ಲೈಟು, ಕಿವಿ ಕಿತ್ತುಹೋಗೋ ಮ್ಯೂಸಿಕ್ಕು. ಒಂದು ಪಟ್ಟು ಹತ್ತು ಸೆಕೆಂಡ್ ನಿಲ್ಲಲ್ಲ. ನಾವು ಬರೀ ಒಂದು ತೋಳು ಹಿಡ್ಕೊಂಡು ಜನರ ಉಸಿರು ನಿಲ್ಲಿಸ್ತಿದ್ವಿ... ಮನಸ್ಸಲ್ಲೇ ಬೈಕೋತಿದ್ದೆ.

ಪಂದ್ಯ ಮುಗೀತು. ಸೋತ ವಿಲನ್ ಮುಂದಿನ ಸಾಲಿಗೆ ಬಂದು ತನ್ನ ಪುಟ್ಟ ಮಗಳನ್ನ ಎತ್ಕೊಂಡ. ಅದು ಅವನ ಮುಖದ ಬಣ್ಣ ಒರೆಸಿತು. ಈಗಷ್ಟೇ ಬೈತಿದ್ದ ಜನ ಎದ್ದು ಚಪ್ಪಾಳೆ ಹೊಡೆದರು. ಆಕಾಶ ಏನೂ ಕಳಚಿ ಬೀಳಲಿಲ್ಲ.

ಕಾರಲ್ಲಿ ಮೊಮ್ಮಗಳಿಗೆ ಎಲ್ಲಾ ಹೇಳಿದೆ.

"ಬೇಜಾರು ಮಾಡ್ಕೋಬೇಡಿ ತಾತ. ಹೋಗಬೇಕಿತ್ತು."

"ಗೊತ್ತು."

"ಬದುಕಿದ್ದಾರಾ?"

ಅದು ಗೊತ್ತಿರಲಿಲ್ಲ.

ಏಪ್ರಿಲ್ 6, ಭಾನುವಾರ

ಮೊಮ್ಮಗಳು ಎರಡೇ ದಿನದಲ್ಲಿ ಕಟುಕನ ವಿಳಾಸ ಹುಡುಕಿದ್ದಳು. ನಾನು ಎರಡು ಭಾನುವಾರ ನೆವ ಹೇಳಿ ತಪ್ಪಿಸ್ಕೊಂಡೆ. ಇವತ್ತು ಬಿಡಲಿಲ್ಲ.

ಮೂರನೇ ಮಹಡಿ. ಬಾಗಿಲು ತೆಗೆದದ್ದು ಅವನ ಮಗಳು. ಅವಳ ತಲೆಯೂ ನೆರೆತಿದೆ. ಕೂಡಲೇ ಗುರುತು ಹಿಡಿದಳು.

"ಅಮ್ಮ ಹೋದಾಗ ಹಿಂಬಾಗಿಲ ಹತ್ರಾನೇ ಕೂತಿದ್ದೆ ಚಿಕ್ಕಪ್ಪ, ನೀವು ಬರ್ತೀರ ಅಂತ. ಒಂಬತ್ತು ವರ್ಷ ನನಗೆ."

ಚಪ್ಪಲಿ ಬಿಚ್ಚಿ ಬಾಗಿಲ ಬದಿಗಿಟ್ಟೆ.

ಒಳಗೆ ಅವನು. ಸೊರಗಿದ್ದಾನೆ, ಭುಜ ಮಾತ್ರ ಹಾಗೇ. ನಕ್ಕ. "ಏನಯ್ಯಾ, ಮುಂಬಾಗಿಲಿಂದ ಬಂದಿದೀಯ!"

ಒಂದು ಗಂಟೆ ಹಳೇ ಪಂದ್ಯಗಳ ಮಾತು. ಕೊನೆಗೆ ನಾನೇ ತಡೀಲಾರದೆ, "ಅವತ್ತು ಮ್ಯಾನೇಜರ್ ಬಂದು—" ಅಂತ ಶುರು ಮಾಡಿದೆ.

ಕೈ ಅಡ್ಡ ಹಿಡಿದ.

"ಅವನನ್ನ ಕಳಿಸಿದ್ದು ನಾನೇ ಕಣೋ. ಪಂದ್ಯ ಕೆಡಬಾರದು, ಬರಬೇಡ ಅಂತ ಹೇಳು ಅಂದಿದ್ದೆ."

ಮಗಳು ಅಪ್ಪನ ಕಡೆ ತಿರುಗಿ ನೋಡಿದಳು. ಅವಳೂ ಮೊದಲ ಸಲ ಕೇಳ್ತಿರೋದು. ಅವನು ನೆಲ ನೋಡ್ತಾ ಅಂದ —

"ಆದ್ರೂ ನೀನು ಬರ್ತೀಯ ಅಂದ್ಕೊಂಡಿದ್ದೆ."

ಏಪ್ರಿಲ್ 11, ಶುಕ್ರವಾರ

ಆ ಮಾತು ಬಿಡ್ತಿಲ್ಲ. ಟವೆಲ್ ಮಡಚುವಾಗಲೂ ಅದೇ. ಹಳೇ ಕಾಲ, ಹಳೇ ಕಾಲ ಅಂತ ಇಷ್ಟು ವರ್ಷ ಕೊಚ್ಕೊಂಡೆ. ಜನ ನಂಬಲಿ ಅಂತ ಮೂವತ್ತಾರು ವರ್ಷ ಒಬ್ಬ ಮನುಷ್ಯನನ್ನ ಕಳ್ಕೊಂಡೆ.

ಸಂಜೆ ಅವನ ಫೋನ್. "ಭಾನುವಾರ ನಿನ್ನ ಅತ್ತಿಗೇನ ಮಣ್ಣು ಮಾಡಿದ ಜಾಗಕ್ಕೆ ಹೋಗ್ತೀವಿ. ಬರ್ತೀಯಾ?"

"ಬರ್ತೀನಿ," ಅಂದೆ.

ಏಪ್ರಿಲ್ 13, ಭಾನುವಾರ, ಬೆಳಗ್ಗೆ 7:10

ಶೂ ಹಾಕ್ಕೊಂಡು ಕೂತಿದೀನಿ. ಮೊಮ್ಮಗಳು ಕೆಳಗೆ ಕಾರ್ ತೆಗೀತಿದ್ದಾಳೆ. ಅಲ್ಲಿ ನಿಂತು ಏನು ಹೇಳೋದು? ಬಾಯಿಪಾಠ ಮಾಡ್ಕೊಂಡು ಹೋಗೋಣ ಅಂತ ಬರೀತಿದೀನಿ —

ಅತ್ತಿಗೆ, ತಡವಾಯ್ತು. ಅವತ್ತು ನಾನು

ಹಾರ್ನ್ ಹೊಡೀತಿದ್ದಾಳೆ.

ಅತ್ತಿಗೆ, ನಾನು ಅವತ್ತು