ಕಟ್ಟಿಗಿ ಕೋಣ್ಯಾಗ ಕುಂತ ಹುಡುಗಿ

ಟಿ.ಬಿ. ಡ್ಯಾಂ, ೧೯೮೬

ತಂಗಿ ಕರೆಮ್ಮ,

ನೀನು ಇದ್ದಾಗಲೂ ನಿನಗ ಓದಾಕ ಬರ್ತಿರಲಿಲ್ಲ, ಕಿವಿನೂ ಕೇಳಸ್ತಿರಲಿಲ್ಲ. ನೀನು ಹೋಗಿ ಒಂಬತ್ತು ವರ್ಷ ಆದಮ್ಯಾಲೆ ಬರೀತಿದ್ದೀನಿ.

ನಮ್ಮ ಕ್ವಾರ್ಟರ್ಸಿನಾಗ ಆರು ತಿಂಗಳಿಂದ ಡೆನ್ಮಾರ್ಕಿನ ಹುಡುಗಿ ಅದಾಳ, ಮರಿಯಾನ ಅಂತ. ಪಗಾರ ಇಲ್ಲದೇ ಇಲ್ಲಿನ ಕಿವುಡ ಮಕ್ಕಳ ಶಾಲ್ಯಾಗ ಕಲಿಸ್ತಾಳ. ಊಟ, ನಿದ್ದಿ ನಮ್ಮನ್ಯಾಗ. ಇವತ್ತು ಶಾಲಿಯ ಐದು ಹುಡುಗ್ಯಾರನ್ನ ಕರಕೊಂಡು ಬಂದಿದ್ಲು. ನಾನು ಮಿರ್ಚಿ, ಮಂಡಕ್ಕಿ ಒಗ್ಗರಣಿ ಮಾಡಿದ್ದೆ.

ಅಷ್ಟರಾಗ ನಮ್ಮನಿಯವರ ಕಾಲುವೆ ಆಫೀಸಿನ ಸಾಹೇಬ್ರು ಬಂದ್ರು. ಅವರನ್ನ ಕಂಡಿದ್ದೇ ತಡ, ಹುಲುಗಮ್ಮ ಅನ್ನೋ ಹುಡುಗಿ ಪ್ಲೇಟು ತಗೊಂಡು ಎದ್ದು, ಹಿಂದಿನ ಕಟ್ಟಿಗಿ ಕೋಣ್ಯಾಗ ಹೋಗಿ ಕುಂತ್ಲು. ಯಾರೂ ಹೋಗಂತ ಹೇಳಿರಲಿಲ್ಲ.

"ಅಕ್ಕಾ, ಅವಳು ಯಾಕೆ ಅಲ್ಲಿ?" ಅಂತ ಮರಿಯಾನ ಕೇಳಿದ್ಲು.

"ಮನಿಗೆ ಮಂದಿ ಬಂದ್ರ ಇಂಥ ಮಕ್ಕಳನ್ನ ಹಂಗ ಒಳಗ ಕುಂದ್ರಸ್ತಾರವ್ವ."

"ನಿಮಗೆ ಹೇಗೆ ಗೊತ್ತು?"

ನಾನು ಮಿರ್ಚಿ ತಿರುವಿ ಹಾಕಿದೆ. ಕಂಪ್ಲಿಯಿಂದ ಗಂಡಿನವರು ನನ್ನ ನೋಡಾಕ ಬಂದ ದಿನ ನೀನು ಎಲ್ಲಿ ಕುಂತಿದ್ದಿ ಅನ್ನೋದು ಅಕಿಗೆ ಹೇಳಲಿಲ್ಲ.

"ಅವಳಿಗೆ ಶಾಲೆ ಸನ್ನೆ ಇನ್ನೂ ಬರಲ್ಲ. ಮನೆಗಳಲ್ಲಿ ಮಾಡೋ ಸನ್ನೆ ಮಾಡಿ ನೀವೇ ಕರೀರಿ" ಅಂದ್ಲು ಮರಿಯಾನ.

ಕೋಣಿ ಬಾಗಿಲಿಗೆ ಹೋಗಿ ಕೈ ಎತ್ತಿದೆ. ಒಳಗ ಹೋಗು, ಬಾಗಿಲಾ ಹಾಕ್ಕೋ, ಸದ್ದು ಮಾಡಬ್ಯಾಡ ಅಂತ ನಿನಗ ಮಾಡ್ತಿದ್ದ ಸನ್ನಿ ಎಲ್ಲಾ ನನಗ ಬರ್ತಾವ. ಎಲ್ಲರ ಜೋಡಿ ಕುಂದ್ರು ಬಾ ಅನ್ನೋದಕ್ಕ ನಮ್ಮ ತವರಮನ್ಯಾಗ ಸನ್ನಿನೇ ಇರಲಿಲ್ಲ.

ನಾನೂ ಒಳಗ ಹೋಗಿ ಅಕಿ ಬಾಜೂಕ ಕುಂತೆ. ಬಾಗಿಲ ಸಂದ್ಯಾಗಿಂದ ಪಡಸಾಲಿಯಾಗ ನಗೋರೆಲ್ಲಾ ಕಾಣ್ತಾರ, ಕರೆಮ್ಮ. ಅವತ್ತು ಒಳಗ ಕುಂತ ನಿನಗ ಏನೂ ಕಾಣ್ತಿರಲಿಲ್ಲ ಅಂತ ತಿಳ್ಕಂಡಿದ್ದೆ.

ನಿನ್ನ ಅಕ್ಕ
ದುರ್ಗಕ್ಕ