ತಿರುಗಿಸಿಟ್ಟ ಎರಡು ಮೇಜು

ಶರಣಪ್ಪ ಕಾಕಾ, ನಮಸ್ಕಾರ.

ನೀವು ತೀರಿಹೋದ ಮೇಲೆ ಇದು ಎರಡನೆಯ ಬೇಸಿಗೆ. ಎದುರಿಗಿದ್ದಾಗ ನಿಮ್ಮ ಉಪಕಾರ ಸ್ಮರಿಸಲು ಹೋದರೆ "ಸುಮ್ನ ಕುಂದ್ರಲೇ" ಎಂದು ಬಾಯಿ ಮುಚ್ಚಿಸುತ್ತಿದ್ದಿರಿ. ಈಗ ಮುಚ್ಚಿಸುವವರಿಲ್ಲ. ಹೇಳಿಬಿಡುತ್ತೇನೆ. ಸಿಂಧನೂರಿನ ಕಾಲುವೆ ಕಚೇರಿಯಲ್ಲಿ ನನ್ನ ನೌಕರಿ ಉಳಿದದ್ದು ನಿಮ್ಮಿಂದ.

ನಾನು ಮಸ್ಕಿಯಿಂದ ಬಂದು ನಕ್ಷೆ ಕೋಣೆಗೆ ಸೇರಿದ ಮೊದಲ ದಿನ ನೆನಪಿದೆಯೇ? ನೀವು ಹಿರಿಯ ನಕ್ಷೆಗಾರರು. ನಾನು ಹಂಗಾಮಿ ಟ್ರೇಸರ್. ಎಂಜಿನಿಯರರ ನಕ್ಷೆಯ ಮೇಲೆ ಪಾರದರ್ಶಕ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಮಸಿಯಲ್ಲಿ ತೆಗೆಯುವವನು. ಕಿಟಕಿ ಎಡಕ್ಕೆ ಬರುವಂತೆ ಮೇಜುಗಳೆಲ್ಲ ಸಾಲಾಗಿದ್ದವು. ಬಲಗೈಯವರಿಗೆ ಅದೇ ಸರಿ. ನಾನು ಎಡಚ. ನನ್ನ ಕೈಯ ನೆರಳು ಎಳೆಯಬೇಕಾದ ಗೆರೆಯ ಮೇಲೆಯೇ ಬೀಳುತ್ತಿತ್ತು. ನೀವು ಹಿಂದೆ ನಿಂತು ನೋಡಿದಿರಿ. "ಲೇ ತಮ್ಮಾ, ಕತ್ತಲಾಗ ಸೂಜಿ ಹುಡುಕಿದಂಗ ಮಾಡಾಕತ್ತೀಯಲ್ಲೋ. ಏಳು, ಆ ತುದಿ ಹಿಡಿ" ಎಂದು ಮೇಜನ್ನೇ ತಿರುಗಿಸಿಟ್ಟಿರಿ. ಬೆಳಕು ಬಲಕ್ಕೆ ಬಂತು. ಮುಖ ಮಾತ್ರ ಎಲ್ಲರಿಗೂ ಎದುರಾಯಿತು.

ಆಮೇಲಿನ ನಗೆಚಾಟಿಕೆ ನೆನೆದರೆ ಈಗಲೂ ನಗು ಬರುತ್ತದೆ. "ಬಸ್ಯಾ, ನಮ್ಮ ಹಾಜರಿ ತಗೊಳ್ಳಾಕ ಕುಂತೀ ಏನೋ ಮಾಸ್ತರ್?" ಎಂದು ದಿನಾ ಯಾರಾದರೊಬ್ಬರು ಕೇಳುತ್ತಿದ್ದರು. ಕಚೇರಿಯ ದೊಡ್ಡ ಎಂಜಿನಿಯರ್ ಸಾಹೇಬರಿಗೆ ಮಾತ್ರ ಅದು ತಮಾಷೆಯಾಗಿ ಕಾಣಲಿಲ್ಲ. ಅವರು ಕೋಣೆಗೆ ಬಂದ ದಿನ ಗಡಿಬಿಡಿಯಲ್ಲಿ ನಾನು ಸಾಲಗುಂದದ ಕಡೆಯ ಕಾಲುವೆಯ ನಕ್ಷೆಯನ್ನು ಎಡಗೈಯಲ್ಲೇ ಚಾಚಿದೆ. ಅವರು ಮುಟ್ಟಲಿಲ್ಲ. "ಇದು ದಫ್ತರ ಐತೋ, ಸಂತಿ ಐತೋ? ಎಲ್ಲಾರ ಮಾರಿ ಒಂದು ಕಡೆ, ಇವನದೊಂದು ಬ್ಯಾರೆ ಕಡೆ! ಮೇಜು ತಿರುಗಿಸು, ಬಲಗೈ ರೂಢಿ ಮಾಡು. ಆಗಂಗಿಲ್ಲಂದ್ರ ಮುಂದಿನ ತಿಂಗಳು ಬರಬ್ಯಾಡ" ಎಂದು ಹುಕುಂ ಮಾಡಿ ಹೋದರು.

ಆ ವಾರ ಬಲಗೈಯಲ್ಲಿ ಎಳೆದ ಗೆರೆಗಳನ್ನು ನೀವೊಬ್ಬರೇ ನೋಡಿದ್ದು. ನೇರ ಕಾಲುವೆ ಹಾವಿನಂತೆ ಹರಿದಿತ್ತು. ಈ ಕೆಲಸಕ್ಕೆ ಮೊದಲು ನಾನು ಅದೇ ಕಾಲುವೆಯಲ್ಲಿ ಮಣ್ಣು ಹೊತ್ತವನು. ಮತ್ತೆ ಬುಟ್ಟಿಯೇ ಗತಿಯೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ.

ನನ್ನ ಮೇಜನ್ನು ಇನ್ನೂ ಸಾಲಿಗೆ ತಿರುಗಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ನಿಮ್ಮ ಮೇಜೂ ತಿರುಗಿತ್ತು, ನನ್ನದರ ಪಕ್ಕಕ್ಕೆ. ನೀವು ಬಲಗೈಯವರು.

"ಕಾಕಾ, ನಿಮಗ ನೆರಳು ಬೀಳ್ತೈತಲ್ರೀ?"

"ಬೀಳ್ಲಿ ಬಿಡು. ಒಬ್ಬನ ಮೇಜು ತಿರುಗಿದ್ರ ಅದು ತಪ್ಪು ಕಾಣ್ತೈತಿ. ಇಬ್ಬರದು ತಿರುಗಿದ್ರ ರಿವಾಜು ಅನ್ನಿಸ್ತೈತಿ."

ಸಾಹೇಬರು ಕೇಳಿದಾಗ ಎಷ್ಟು ಸಲೀಸಾಗಿ ಉತ್ತರ ಕೊಟ್ಟಿರಿ! "ಹುಡುಗನ್ನ ತಿದ್ದಬೇಕಂದ್ರ ಬಾಜೂಕ ಕುಂದ್ರಬೇಕಲ್ರೀ ಸಾಹೇಬ್ರ. ಅವನ ಕೆಲಸಕ್ಕ ನಾ ಜವಾಬ್ದಾರ." ನಿಮ್ಮಂಥ ಹಳಬರ ಮಾತನ್ನು ತೆಗೆದುಹಾಕುವುದು ಅವರಿಗೂ ಸುಲಭವಿರಲಿಲ್ಲ. ಮುಂದಿನ ತಿಂಗಳೂ ನಾನು ಕೆಲಸಕ್ಕೆ ಬಂದೆ, ಎಡಗೈಯಲ್ಲೇ ಗೆರೆ ಎಳೆದೆ. ನೀವು ನಿಮ್ಮ ಕೈಯ ನೆರಳಿನಲ್ಲೇ ಗೆರೆ ಎಳೆದಿರಿ. ಸಂಜೆ ಹೊತ್ತಿಗೆ ಕಣ್ಣಿಗೆ ತಣ್ಣೀರು ಹಚ್ಚಿಕೊಳ್ಳುತ್ತಿದ್ದಿರಿ. ನಿಮ್ಮ ಬಾಯಲ್ಲಿ ಅದರ ಮಾತು ಒಂದು ದಿನವೂ ಬರಲಿಲ್ಲ.

ಬದಲಿಯ ಕಾಲ ಬಂದಾಗ ನಿಮ್ಮನ್ನು ಲಿಂಗಸುಗೂರಿಗೆ ಹಾಕಿದರು. ಈ ಮೇಜಿನ ಸಲುವಾಗಿಯೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ... ಬಸ್ಸಿನ ಹತ್ತಿರ ನಾನು ಕಣ್ಣು ಒರೆಸಿಕೊಳ್ಳುತ್ತಿದ್ದರೆ ನೀವು ಬೈದಿರಿ: "ಲಿಂಗಸೂರಾಗ ಬಿಸಿಲು ಬೀಳಂಗಿಲ್ಲೇನಲೇ? ಅಳಬ್ಯಾಡ, ಮಂದಿ ನನ್ನ ಹೆಂಡ್ತಿ ತಮ್ಮ ಅಂತ ತಿಳ್ಕೊಂಡಾರು."

ಆಮೇಲೆ ನನ್ನ ನೌಕರಿ ಕಾಯಂ ಆದದ್ದು ನಿಮಗೆ ಗೊತ್ತು. ಇನ್ನು ಮುಂದಿನದು ನೀವು ಕೇಳದ ಸುದ್ದಿ. ನಾನೀಗ ನಿಮ್ಮ ಹುದ್ದೆಯಲ್ಲಿದ್ದೇನೆ. ಸಾಹೇಬರು ಬೇರೆ. ಆರು ತಿಂಗಳ ಹಿಂದೆ ನೀಲಮ್ಮ ಎಂಬ ಹೆಣ್ಣುಮಗಳು ಟ್ರೇಸರ್ ಆಗಿ ಬಂದಿದ್ದಾಳೆ, ಹಂಗಾಮಿ. ಸಾಹೇಬರ ಜೀಪಿನ ಸದ್ದು ಕೇಳಿದ ಕೂಡಲೇ ಎಲ್ಲರೂ ಕೈಲಿದ್ದದ್ದನ್ನು ಬಿಟ್ಟು ಎದ್ದು ನಿಲ್ಲುತ್ತಾರೆ. ಆಕೆ ಮಾತ್ರ ಹಿಡಿದ ಗೆರೆ ಮುಗಿಸಿ ಏಳುತ್ತಾಳೆ. ನಡುವೆ ನಿಲ್ಲಿಸಿದರೆ ಮಸಿ ಗಂಟು ಕಟ್ಟುತ್ತದೆಂದು ನಿಮಗೆ ಬಿಡಿಸಿ ಹೇಳಬೇಕೆ? "ಭಾಳ ಸೊಕ್ಕು ಐತ್ರೀ ಆಕೀಗೆ" ಎಂದು ಕೋಣೆಯವರೆಲ್ಲ ದೂರು ಹೇಳಿದರು. ಆಕೆ ಇಲ್ಲಿಗೆ ಹೊಂದುವುದಿಲ್ಲ ಎಂದು ಬರೆದುಕೊಡಲು ಸಾಹೇಬರು ನನಗೇ ಹೇಳಿದರು.

ಬರೆದುಕೊಡಲಿಲ್ಲ, ಕಾಕಾ. ನಿನ್ನೆ ಅವರ ಎದುರಿಗೆ ನಿಂತು, "ಕೆಲಸ ಛಲೋ ಮಾಡ್ತಾಳ್ರೀ. ಗೆರಿ ಮುಗಿಸಿ ಏಳ್ತಾಳ, ಅಷ್ಟರೀ. ಇನ್ನ ಮ್ಯಾಲ ನಾನೂ ಹಂಗ ಏಳಾಂವ" ಎಂದೆ.

ಇವತ್ತು ಜೀಪು ಬಂತು. ಉಳಿದವರು ಎದ್ದು ನಿಂತರು. ನೀಲಮ್ಮ ತಲೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗೆರೆ ಮುಗಿಸಿ ಇಬ್ಬರೂ ಎದ್ದಾಗ ಸಾಹೇಬರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಮಧ್ಯಾಹ್ನ ಆಕೆಯನ್ನು ಮುಂದುವರಿಸುವ ಹುಕುಂಗೆ ಸಹಿ ಬಿತ್ತು.

ನಿಮ್ಮ
ಬಸವರಾಜ