ಗೋಡೆಗೆ ಹಾಕಿದ ಗಂಜಿ

ಜಮಖಂಡಿ, ಆಗಸ್ಟ್ 10, ರವಿವಾರ

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಮಗ್ಗಕ್ಕೆ ಕೂತವನು. ಮಗಳು ಪೂರ್ಣಿಮಾ ಈ ನೋಟ್‌ಬುಕ್ ಇಟ್ಟು ಹೋಗಿದ್ದಾಳೆ. "ಅಪ್ಪಾ, ಒದರೂದನ್ನ ಇದರಾಗ ಒದರು. ಅವ್ವ ನಮ್ಮ ಮನ್ಯಾಗ ಇರ್ತಾಳ." ತಾಯಿಯನ್ನು ಮುಧೋಳಕ್ಕೆ ಕರೆದೊಯ್ದು ಎಂಟು ದಿನ.

ಒದರಲು ಇಲ್ಲಿ ಯಾರಿದ್ದಾರೆ... ಗೋಡೆ.

ನೆಲದ ಫರಸಿ ಒರೆಸಿದೆ. ನೀರು ಹೆಚ್ಚಾಯಿತು. ಇನ್ನೂ ಒಣಗಿಲ್ಲ.

ಆಗಸ್ಟ್ 12

ನಡೆದದ್ದು ಇಷ್ಟು. ಪಂಚಮಿ ಹತ್ತಿರ ಬಂತೆಂದು ಈ ಬಾಡಿಗೆ ಫ್ಲ್ಯಾಟಿಗೆ ಸುಣ್ಣ ಹಚ್ಚಲು ಹೊರಟೆ. ಮನೆ ಮಾಲಕ ಗಿರಿಮಲ್ಲಪ್ಪ, "ಪೇಂಟರ್‌ನ ಕಳಸ್ತೇನ್ರಿ ಕಾಕಾ" ಅಂದ. ಬೇಡವೆಂದೆ. ಸುಣ್ಣ ಬಟ್ಟೆಗೆ ಮೆತ್ತಬಾರದೆಂದು ಮೈದಾ ಗಂಜಿ ಕಾಸಿ ಬೆರೆಸಿದೆ. ರಬಕವಿಯಲ್ಲಿ ನಲವತ್ತು ವರ್ಷ ನೂಲಿಗೆ ಗಂಜಿ ಕೊಟ್ಟ ಕೈ — ಯಾರನ್ನು ಕೇಳಬೇಕು?

ಹೆಂಡತಿ ದಾನಮ್ಮ ಬಂದು ನೋಡಿದಳು. "ಮೈಲುತುತ್ತ ಹಾಕೀರೇನ್ರಿ? ಮಳಿಗಾಲ ಐತಿ, ಬೂಷ್ಟ ಹಿಡಿತೈತಿ."

ನೂಲಿನ ಗಂಜಿಗೂ ಬೂಷ್ಟು ಬಾರದಂತೆ ಆ ನೀಲಿ ಪುಡಿ ಹಾಕುತ್ತಿದ್ದವಳು ಅವಳೇ. ಅಳತೆ ಅವಳ ಕೈಯಲ್ಲಿತ್ತು. ಒಂದು ದಿನವೂ ಕೇಳಿ ಕಲಿಯಲಿಲ್ಲ.

"ಗ್ವಾಡಿ ಉಟ್ಕೋತೀಯೇನ ಬೇ? ಸುಮ್ಮ ಕುಂದ್ರ" ಅಂದೆ. ನೋಡಲು ಬಂದಿದ್ದ ಮಾಲಕನ ಮುಂದೆಯೇ ಅಂದೆ. ಅವನು ನಕ್ಕ. ಅವಳು ಒಳಗೆ ಹೋದಳು.

ಆಗಸ್ಟ್ 13

ಹತ್ತೇ ದಿನಕ್ಕೆ ಹಸಿರು ಬೂಷ್ಟು. ಅವಳು ಮಲಗುವ ಬದಿಯ ಗೋಡೆಗೇ ಹೆಚ್ಚು. ಮೊದಲೇ ದಮ್ಮಿನವಳು. ಉಸಿರು ಸಿಗದೆ ಎದ್ದು ಕೂರುತ್ತಿದ್ದಳು. ನಾನು ಮಗ್ಗುಲು ಬದಲಿಸಿ ಮಲಗುತ್ತಿದ್ದೆ.

ಡಾಕ್ಟರ್, ಪೂರ್ಣಿಮಾ ತೋರಿಸಿದ ಗೋಡೆಯ ಫೋಟೋ ನೋಡಿ, ಆ ಕೋಣೆಯಲ್ಲಿ ಮಲಗಿಸಬೇಡಿ ಅಂದ. ಆಗಲೂ ಇದು ಮಾಲಕನ ಪೈಪ್ ಸೋರಿ ಆದದ್ದು ಅಂದೆ. ದಾನಮ್ಮ ಚೀಲ ತುಂಬಿಕೊಂಡಳು.

ಆಗಸ್ಟ್ 24

ಗೋಡೆ ಕೆರೆಯುತ್ತಿದ್ದೇನೆ. ಗಂಜಿ ಗಟ್ಟಿ ಹಿಡಿದಿದೆ, ಬಿಡುವುದಿಲ್ಲ. ಫರಸಿ ತುಂಬ ಬಿಳಿ ಕಲೆ. ಕೆಳಗೆ ಹಳೇ ಸೀರೆ ಹಾಸಬೇಕಿತ್ತು. ಹಾಸುವವಳು ಅವಳು.

ಮುಖಕ್ಕೆ ಬಟ್ಟೆ ಕಟ್ಟಿದರೂ ಕೆಮ್ಮು. ಇದನ್ನೇ ಅವಳು ಹತ್ತು ಹನ್ನೆರಡು ದಿನ ಎಳೆದುಕೊಂಡಿದ್ದಾಳೆ...

ಸೆಪ್ಟೆಂಬರ್ 9

ಮಾಲಕ ಕಳಿಸಿದ ಪೇಂಟರ್ ಮುರಗೆಪ್ಪ ಬಂದ. ಈ ಸಲ ಬೇಡವೆನ್ನಲಿಲ್ಲ.

"ಕಾಕಾ, ಗ್ವಾಡಿಗೆ ಊಟಾ ಹಾಕೀರಿ. ಬೂಷ್ಟ ಉಣ್ಣಾಕ ಬರದ ಬಿಡ್ತೈತೇನ್ರಿ?"

ಬೈಯಲು ಬಾಯಿ ತೆರೆದೆ. "ಖರೆ" ಅಂದೆ.

ಕೆಲಸ ಮುಗಿದ ಮೇಲೆ ಮುಧೋಳಕ್ಕೆ ಫೋನ್ ಮಾಡಿದೆ. "ಗ್ವಾಡಿ ಛಲೋ ಆಗೇತಿ, ಬಾ."

"ಗ್ವಾಡಿ ಸುದ್ದಿ ನಾ ಕೇಳಿಲ್ರಿ" ಅಂದಳು. ಫೋನ್ ಇಟ್ಟುಬಿಟ್ಟಳು.

ಸೆಪ್ಟೆಂಬರ್ 16

ಗಿರಿಮಲ್ಲಪ್ಪನನ್ನು ಮನೆಗೆ ಕರೆದೆ. "ಅವತ್ತ ನೀ ನಕ್ಕಿದ್ದಿ. ಆಕಿ ಹೇಳಿದ್ದ ಖರೆ ಇತ್ತು. ನಿನ್ನ ಪೈಪಿಂದಲ್ಲ, ತಪ್ಪ ನಂದು."

"ನನಗ್ಯಾಕ ಹೇಳ್ತೀರಿ? ಕಾಕೂಗ ಹೇಳ್ರಿ."

ಫೋನ್ ಹಿಡಿದು ಕೂತೆ. ಬಾಯಿಂದ ಬರುವುದಿಲ್ಲ.

ಸೆಪ್ಟೆಂಬರ್ 17

ದಾನಮ್ಮ — ಈ ಹಾಳೆ ಹರಿದು ಕಳಿಸುತ್ತೇನೆ. ಪೂರ್ಣಿಮಾ ಓದಿ ಹೇಳಲಿ. ಮೈಲುತುತ್ತ ಹಾಕಬೇಕಿತ್ತು. ನೀನು ಹೇಳಿದ್ದೆ. ಮಂದಿಯ ಮುಂದೆ ನಿನ್ನ ಬಾಯಿ ಮುಚ್ಚಿಸಿದೆ. ತಪ್ಪಾಯಿತು. ಮಾಲಕನಿಗೂ ಹೇಳಿದ್ದೇನೆ.

ನಿನ್ನ ಹಾಸಿಗೆ ಕಿಟಕಿ ಬದಿಗೆ ಹಾಕಿದ್ದೇನೆ. ಗೋಡೆ ಬದಿಗೆ ನಾನು.

ಬರುತ್ತೀಯೋ ಇಲ್ಲವೋ. ಇಪ್ಪತ್ತೊಂದಕ್ಕೆ ಅಮಾವಾಸ್ಯೆ, ರವಿವಾರ; ಅಂದು ನೀನು ಹೊರಡುವವಳಲ್ಲ. ಅಷ್ಟರೊಳಗೆ ಹೇಳು.